ಒಂದೇ ರಾಶಿಯ ಹತ್ತಿ

ಮಂಚದ ಮೇಲೆ ನಾಲ್ಕು ಹೊಸ ದಿಂಬುಗಳನ್ನು ಸಾಲಾಗಿ ಇಟ್ಟಿದ್ದರು. ನಾಲ್ಕಕ್ಕೂ ಒಂದೇ ನೀಲಿ ಗೀಟಿನ ಬಟ್ಟೆ, ಒಂದೇ ಅಳತೆ, ಒಂದೇ ಉಬ್ಬು. ಶಾಲೆಯಿಂದ ಬಂದ ಹುಡುಗಿ ಬೆನ್ನಿನ ಚೀಲವನ್ನು ಇನ್ನೂ ಇಳಿಸಿರಲಿಲ್ಲ, ಆಗಲೇ ಆರು ವರ್ಷದ ತಂಗಿ ಉಂಡೆ ಓಡಿಬಂದು ಅವಳ ಕೈಹಿಡಿದು ಎಳೆದಳು. ಕಿಟಕಿ ಪಕ್ಕದ್ದು ನಿನ್ನದು, ನಾನೇ ಆರಿಸಿದ್ದು, ಅಜ್ಜಿ ಕೇಳಿದರೂ ಕೊಡಲಿಲ್ಲ ಎಂದು ಒಂದೇ ಉಸಿರಿನಲ್ಲಿ ವರದಿ ಒಪ್ಪಿಸಿದಳು. ಹುಡುಗಿಗೆ ಹದಿನೈದು ವರ್ಷ. ಹದಿನೈದರ ಮುಖದಲ್ಲಿ ಸಂತೋಷ ಕಾಣಿಸಿಕೊಳ್ಳುವುದು ಸುಲಭವಲ್ಲ. ಆದರೂ ಅವತ್ತು ಅವಳು ದಿಂಬನ್ನು ಒಮ್ಮೆ ಒತ್ತಿ ನೋಡಿದಳು. ಮೆತ್ತಗಿತ್ತು. ಹೊಸ ಹತ್ತಿಯಾ ಎಂದು ಕೇಳಿದಳು.

ಹೊಸದಲ್ಲವಂತೆ. ಮನೆಯ ಹಳೇ ದಿಂಬುಗಳನ್ನೆಲ್ಲ ಬಿಚ್ಚಿ ಹತ್ತಿ ಹಿಂಜುವ ಯಂತ್ರಕ್ಕೆ ಹಾಕಿದರಂತೆ, ಕೋಣೆ ತುಂಬಾ ಮೋಡ ಹಾರಿದಂತೆ ಹಾರಿತಂತೆ, ಅಜ್ಜಿ ಸೀನಿ ಸೀನಿ ಸುಸ್ತಾದರಂತೆ! ಉಂಡೆ ಇದನ್ನೆಲ್ಲ ಕುಣಿಯುತ್ತ ಹೇಳುತ್ತಿರುವಾಗ ಹುಡುಗಿಯ ಕೈ ದಿಂಬಿನ ಮೇಲೆ ಹಾಗೆಯೇ ನಿಂತುಬಿಟ್ಟಿತು. ಎಲ್ಲಾ ಹಳೇ ದಿಂಬುಗಳು... ಅವಳು ಮಂಡಿಯೂರಿ ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯನ್ನು ಎಳೆದಳು. ಚಿಲಕ ತೆಗೆದಿತ್ತು. ಒಳಗೆ ಒಂದು ಬಿಳಿಯ ಹೊದಿಕೆ ಮಾತ್ರ ಇತ್ತು, ಯಾರೋ ಅದನ್ನು ನಾಲ್ಕು ಮಡಿಕೆ ಮಾಡಿ ಅಚ್ಚುಕಟ್ಟಾಗಿ ಇಟ್ಟಿದ್ದರು.

ಆ ಹೊದಿಕೆಯಲ್ಲಿ ಸುತ್ತಿಟ್ಟಿದ್ದದ್ದು ಅವಳ ತಂದೆಯ ದಿಂಬು. ತಂದೆ ಕ್ಷೌರದ ಅಂಗಡಿ ಇಟ್ಟಿದ್ದವರು. ಅಂಗಡಿಗೆ ಯಾವ ಹೊಸ ಎಣ್ಣೆ, ಯಾವ ಹೊಸ ಲೋಷನ್ನು ಬಂದರೂ ಮೊದಲು ತಮ್ಮ ತಲೆಗೇ ಹಚ್ಚಿಕೊಂಡು ನೋಡುತ್ತಿದ್ದರು. ಗಿರಾಕಿಯ ತಲೆ ಪ್ರಯೋಗಶಾಲೆಯಲ್ಲ ಎನ್ನುತ್ತಿದ್ದರು. ಕೊನೆಗೆ ಕಾಯಿಲೆ ಬಿದ್ದು ಮಲಗಿದಲ್ಲೇ ಆದಾಗ ಇದೇ ದಿಂಬಿನ ಮೇಲೆ ತಲೆಯಿಟ್ಟು ಮಗಳಿಗೆ ಗಣಿತ ಹೇಳಿಕೊಟ್ಟಿದ್ದರು, ಅದರ ಮೇಲೆಯೇ ಹೋದರು. ದಿಂಬು ಕಲ್ಲಿನಂತೆ ಗಟ್ಟಿಯಾಗಿತ್ತು. ನಡುವೆ ಅವರ ತಲೆಯ ಗುಳಿ ಹಾಗೆಯೇ ಉಳಿದಿತ್ತು. ಮೂಗು ಒತ್ತಿದರೆ ಎಣ್ಣೆ, ಸಾಬೂನು, ಔಷಧಿ ಎಲ್ಲ ಸೇರಿದ ಅಪ್ಪನ ವಾಸನೆ ಬರುತ್ತಿತ್ತು. ಹುಡುಗಿ ಅದನ್ನು ದಿನವೂ ತೆಗೆಯುತ್ತಿರಲಿಲ್ಲ. ವಾಸನೆ ಖರ್ಚಾಗಿಬಿಟ್ಟರೆ ಎಂಬ ಭಯ! ಪರೀಕ್ಷೆಯ ಹಿಂದಿನ ದಿನ, ಜ್ವರ ಬಂದ ದಿನ, ಯಾರಾದರೂ ಏನಾದರೂ ಅಂದ ದಿನ ಮಾತ್ರ ತೆಗೆದು ಮುಖ ಹುದುಗಿಸಿ ಮತ್ತೆ ಸುತ್ತಿಡುತ್ತಿದ್ದಳು.

ಅವಳು ಪೆಟ್ಟಿಗೆಯ ಮುಂದೆ ಕುಳಿತಿದ್ದನ್ನು ಕಂಡು ಮನೆಯ ಮುಂದಿನ ಅಂಗಡಿಯಿಂದ ಹಾಸಿಗೆಯವರು ಬಂದರು. ಬೀದಿಯವರೆಲ್ಲ ಅವರನ್ನು ಕರೆಯುವುದೇ ಹಾಗೆ. ಹಾಸಿಗೆ, ದಿಂಬು ಹೊಲಿದುಕೊಡುವ ಕಸುಬು. ಹುಬ್ಬಿನ ಮೇಲೆ ಸದಾ ಹತ್ತಿಯ ಎಳೆ. ವರ್ಷದ ಹಿಂದೆ ಅವರು ಹುಡುಗಿಯ ತಾಯಿಯನ್ನು ಮದುವೆಯಾಗಿದ್ದರು.

"ಪೆಟ್ಟಿಗೆಯಲ್ಲಿದ್ದ ದಿಂಬು ಹುಡುಕ್ತಿದೀಯಾ?" ಎಂದರು ಅವರು. ದನಿಯಲ್ಲಿ ಒಳ್ಳೆಯ ಕೆಲಸ ಮಾಡಿದವರ ಹುರುಪಿತ್ತು. "ಒಳ್ಳೇ ಹತ್ತಿ ಕಣಮ್ಮ ಅದು. ಗಟ್ಟಿಯಾಗ್ಬಿಟ್ಟಿತ್ತು ಅಷ್ಟೆ. ಹಿಂಜಿದ ಮೇಲೆ ನೋಡಬೇಕಿತ್ತು ನೀನು, ನೊರೆ ಥರ ಬಂತು."

"ಯಾವ ದಿಂಬಲ್ಲಿದೆ ಅದು?"

"ಎಲ್ಲದರಲ್ಲೂ ಇದೆ."

"ಅದು ಅಪ್ಪನ ದಿಂಬು," ಎಂದಳು ಹುಡುಗಿ.

ಹಾಸಿಗೆಯವರ ಮುಖದ ಹುರುಪು ಹಾಗೇ ಇಳಿದುಹೋಯಿತು. ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಎದ್ದು ಗೋಡೆ ಹಿಡಿದುಕೊಂಡು ಒಳಕ್ಕೆ ಹೋದರು. ಯಾರು ಪೆಟ್ಟಿಗೆ ತೆಗೆದದ್ದು ಎಂದು ಹುಡುಗಿ ಕೇಳಿದಳು. ಹಾಸಿಗೆಯವರು ಅಜ್ಜಿ ಹೋದ ಬಾಗಿಲಿನ ಕಡೆ ಒಮ್ಮೆ ನೋಡಿದರು. ಆಮೇಲೆ, "ನಾನೇ," ಎಂದರು.

ಈ ಮನೆಯ ಕಥೆ ಸ್ವಲ್ಪ ಹೇಳಬೇಕು. ಮುಂದೆ ಅಂಗಡಿ, ಅಂಗಡಿಯಲ್ಲಿ ಹತ್ತಿ ಹಿಂಜುವ ಯಂತ್ರ, ಅದರ ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ. ಯಂತ್ರ ತಿರುಗಿದರೆ ಮನೆಯವರೆಲ್ಲರ ತಲೆ ನರೆಯುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಡೀ ಲೋಕಕ್ಕೆ ನಡೆದರೂ ಅಲ್ಲಿ ನಡೆಯುತ್ತಿರಲಿಲ್ಲ. ವರ್ಷದೊಳಗೆ ಹುಡುಗಿಯ ಕಾಲು ಉದ್ದವಾಗಿದ್ದನ್ನು ಯಾರಿಗೂ ಹೇಳದೆ ಗಮನಿಸಿ, ಹಾಸಿಗೆಯವರು ಅವಳ ಹಾಸಿಗೆಯನ್ನೇ ಒಂದು ಗೇಣು ಉದ್ದ ಮಾಡಿದ್ದರು. ಅವಳು ಅದನ್ನು ಕಂಡೂ ಕಾಣದಂತೆ ಇದ್ದಳು. ಅವರನ್ನು ಏನೆಂದು ಕರೆಯಬೇಕೆಂದು ಅವಳಿಗೆ ತಿಳಿಯದು. ಊಟಕ್ಕೆ ಕರೆಯಬೇಕಾದರೆ ಅಂಗಡಿಯ ಬಾಗಿಲಲ್ಲಿ ನಿಂತು ಯಂತ್ರಕ್ಕೆ ಹೇಳುವವಳಂತೆ "ಊಟ ತಣ್ಣಗಾಗ್ತಿದೆ" ಎನ್ನುತ್ತಿದ್ದಳು.

ಅವರ ಮೊದಲ ಹೆಂಡತಿ ಉಂಡೆಯನ್ನು ಹೆತ್ತು ವಾರ ತುಂಬುವುದರೊಳಗೆ ತೀರಿಹೋಗಿದ್ದಳು. ತಾಯಿಯಿಲ್ಲದ ಕೂಸನ್ನು ಅಂಗಡಿಯ ಹತ್ತಿಯ ರಾಶಿಯಲ್ಲೇ ಮಲಗಿಸಿ ಸಾಕಿದ್ದರಿಂದ ಉಂಡೆ ಎಂಬ ಹೆಸರು ಬಂತು. ಸಾಕಿದವರು ಅಜ್ಜಿ, ಅಂದರೆ ಸತ್ತವಳ ತಾಯಿ. ಅಳಿಯನ ಮನೆಯಲ್ಲಿ ಮಗಳಿಲ್ಲದೆ ಉಳಿದ ಅತ್ತೆಯ ಸ್ಥಿತಿ ಶತ್ರುವಿಗೂ ಬೇಡ. ಆ ಮನೆಗೆ ಎರಡನೆಯವಳಾಗಿ ಕಾಲಿಟ್ಟವಳ ಸ್ಥಿತಿ ಅದಕ್ಕಿಂತ ಕಡೆ. ಹುಡುಗಿಯ ತಾಯಿ ಗಂಡ ಸತ್ತ ಮೇಲೆ ಇದೇ ಅಂಗಡಿಯ ದಿಂಬಿನ ಗವಸುಗಳನ್ನು ಮನೆಯಲ್ಲಿ ಕೂತು ಹೊಲಿದುಕೊಡುತ್ತಿದ್ದವಳು. ಗವಸು ತಂದುಕೊಡುತ್ತಾ, ಒಂದು ಮಾತು ಎರಡು ಮಾತಾಗಿ, ಇಬ್ಬರಿಗೂ ಒಬ್ಬರಿಗೊಬ್ಬರು ಆಸರೆ ಅನ್ನಿಸಿತ್ತು. ಅಜ್ಜಿ ಅವಳನ್ನು ಬೈಯುತ್ತಿರಲಿಲ್ಲ. ಅವಳು ಒರೆಸಿದ ನೆಲವನ್ನು ಮತ್ತೊಮ್ಮೆ ಒರೆಸುತ್ತಿದ್ದರು, ಅವಳು ತೊಳೆದ ಲೋಟವನ್ನು ಮತ್ತೊಮ್ಮೆ ತೊಳೆದು ನೀರು ಕುಡಿಯುತ್ತಿದ್ದರು. ಬೈಗುಳವಾದರೆ ಉತ್ತರ ಕೊಡಬಹುದು... ತೊಳೆದ ಲೋಟಕ್ಕೆ ಏನೆಂದು ಉತ್ತರ ಕೊಡುವುದು?

ಹಾಸಿಗೆಯವರ ಕಸುಬಿನಲ್ಲಿ ಒಂದು ನಂಬಿಕೆಯಿತ್ತು. ಅವರ ತಂದೆ ಹೇಳಿಕೊಟ್ಟದ್ದು. ಒಂದೇ ಸೂರಿನ ಕೆಳಗೆ ಮಲಗುವವರ ತಲೆದಿಂಬಿನ ಹತ್ತಿ ಒಂದೇ ರಾಶಿಯಿಂದ ಬರಬೇಕು. ಬೇರೆ ಬೇರೆ ಹತ್ತಿಯ ಮೇಲೆ ಮಲಗಿದವರು ಬೇರೆ ಬೇರೆ ಕನಸು ಕಾಣುತ್ತಾರೆ, ಬೆಳಗೆದ್ದು ಜಗಳವಾಡುತ್ತಾರೆ. ಎರಡು ಮನೆ ಕೂಡಿದಾಗಲೆಲ್ಲ ಇಬ್ಬರ ಹಳೇ ಹತ್ತಿಯನ್ನೂ ಒಟ್ಟಿಗೆ ಹಿಂಜಿ ಮತ್ತೆ ಹಂಚಿ ತುಂಬುವುದು ಆ ಕಸುಬಿನವರ ಪದ್ಧತಿ. ಮದುವೆಯಾದಾಗ ಕೆಲಸದ ಒತ್ತಡದಲ್ಲಿ ಅದು ಆಗಿರಲಿಲ್ಲ. ವರ್ಷ ತುಂಬಿದ ದಿನ ಅದನ್ನು ಮಾಡಿ ಎಲ್ಲರಿಗೂ ಅಚ್ಚರಿ ಕೊಡಬೇಕೆಂದು ಅವರು ಹೆಂಡತಿಯಿಂದ ನಾಲ್ಕು ಗವಸು ಹೊಲಿಸಿಟ್ಟುಕೊಂಡಿದ್ದರು. ಅವಳು ಒಂದು ಹಾಸ್ಟೆಲಿನ ಮಂಚಗಳ ಅಳತೆ ತರಲು ಹೋದಾಗ ಯಂತ್ರ ಹಚ್ಚಿದ್ದರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಮಾಡಬಾರದ್ದನ್ನು ಪ್ರೀತಿಯಿಂದ ಮಾಡಿದರೆ ಬೈಯುವುದಕ್ಕೂ ಆಗುವುದಿಲ್ಲ, ಬಿಡುವುದಕ್ಕೂ ಆಗುವುದಿಲ್ಲ.

ಅಂದು ಹುಡುಗಿ ನಾಲ್ಕೂ ದಿಂಬುಗಳನ್ನು ಒಂದೊಂದಾಗಿ ಎತ್ತಿ ಮೂಸಿದಳು. ಯಂತ್ರದ ಎಣ್ಣೆಯ ವಾಸನೆ, ಬಿಸಿಲಿನ ವಾಸನೆ, ಹೊಸ ಬಟ್ಟೆಯ ಗಂಜಿಯ ವಾಸನೆ. ಮತ್ತೊಮ್ಮೆ ಮೊದಲಿನಿಂದ ಮೂಸಿದಳು. ಉಂಡೆಯೂ ಇದು ಯಾವುದೋ ಆಟವೆಂದು ಅವಳ ಹಿಂದೆಯೇ ಮೂಸುತ್ತ ಬಂದವಳು, ಅಕ್ಕನ ಮುಖ ನೋಡಿ ನಿಲ್ಲಿಸಿದಳು. ಅವತ್ತಿನಿಂದ ಹುಡುಗಿ ಶಾಲೆಯ ಚೀಲವನ್ನು ತಲೆಯ ಕೆಳಗೆ ಇಟ್ಟುಕೊಂಡು ಮಲಗತೊಡಗಿದಳು. ಕಿಟಕಿ ಪಕ್ಕದ ದಿಂಬು ಗೋಡೆಗೆ ಒರಗಿಕೊಂಡು ಅನಾಥವಾಗಿ ಕುಳಿತಿತ್ತು.

ಮೂರ್ನಾಲ್ಕು ದಿನ ಮನೆಯಲ್ಲಿ ಮಾತೇ ಇರಲಿಲ್ಲ. ಇದ್ದದ್ದು ಯಂತ್ರದ ಸದ್ದು, ತಾಯಿಯ ಹೊಲಿಗೆಯಂತ್ರದ ಸದ್ದು. ಅಜ್ಜಿ ಲೋಟ ತೊಳೆಯುವುದನ್ನು ಕೂಡ ಬಿಟ್ಟಿದ್ದರು, ಅದನ್ನು ಯಾರೂ ಗಮನಿಸಲಿಲ್ಲ. ಹಾಸಿಗೆಯವರು ಸೊಟ್ಟ ಹೊಲಿಗೆ ಕಂಡರೆ ಬಿಚ್ಚಿ ಮತ್ತೆ ಹೊಲಿಯದೆ ಬಿಡದ ಮನುಷ್ಯ. ಗಿರಾಕಿ ಬಾಗಿಲಲ್ಲಿ ಕಾಯುತ್ತಿದ್ದರೂ ಬಿಚ್ಚುವವರೇ. ಆ ದಿನಗಳಲ್ಲಿ ಅವರು ನೆಟ್ಟಗಿದ್ದ ಹೊಲಿಗೆಯನ್ನೂ ಬಿಚ್ಚಿ ಮತ್ತೆ ಹೊಲಿಯುತ್ತ ಕೂತಿರುತ್ತಿದ್ದರು.

ಕೊನೆಗೆ ಹುಡುಗಿ ಅಡುಗೆಮನೆಯಲ್ಲಿ ತಾಯಿಯ ಮುಂದೆ ಕಡ್ಡಿ ಮುರಿದಂತೆ ಹೇಳಿದಳು. ಸೋದರತ್ತೆಗೆ ಫೋನು ಮಾಡಿದ್ದಾಳೆ. ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಹೋಗುತ್ತಾಳೆ. ಅಲ್ಲಿಯೇ ಇರುತ್ತಾಳೆ, ಅಲ್ಲಿಯೇ ಓದುತ್ತಾಳೆ. ಅತ್ತೆ ಆಗಲಿ ಬಾ ಎಂದಿದ್ದಾರೆ. ಅಣ್ಣನ ಮಗಳಿಗೆ ಒಂದು ಮೂಲೆ ಇಲ್ಲವೇ ಎಂದಿದ್ದಾರೆ. ತಾಯಿ ತಿಕ್ಕುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಒದ್ದೆ ಕೈಯನ್ನು ಒರೆಸಿಕೊಳ್ಳುವುದನ್ನೂ ಮರೆತು ಹಾಗೆಯೇ ಗೋಡೆಗೆ ಒರಗಿದಳು.

"ತಪ್ಪು ನಂದು," ಎಂದಳು ತಾಯಿ. "ಪೆಟ್ಟಿಗೆಯಲ್ಲಿ ಇಂಥದೊಂದಿದೆ, ಮುಟ್ಟಬೇಡಿ ಅಂತ ಅವರಿಗೆ ಮೊದಲೇ ಹೇಳಬೇಕಿತ್ತು. ಹೊಸ ಗಂಡನ ಹತ್ರ ಹಳೇ ಗಂಡನ ದಿಂಬು ಜೋಪಾನ ಅಂತ ಯಾವ ಬಾಯಲ್ಲಿ ಹೇಳ್ಲಿ? ನಾಚಿಕೆಯಾಯ್ತು. ಸುಮ್ಮನಾದೆ."

"ನಿಂಗೆ ಬೇರೆಯವರು ಸಿಕ್ಕಿದ್ರು. ನಂಗೆ ಬೇರೆ ಅಪ್ಪ ಸಿಗಲ್ಲ."

ತಾಯಿ ಅದಕ್ಕೆ ಸಿಟ್ಟಾಗಲಿಲ್ಲ. ಸಿಟ್ಟಾಗುವುದಕ್ಕೂ ಒಂದಿಷ್ಟು ಶಕ್ತಿ ಬೇಕಲ್ಲ...

"ನಂಗೆ ಸುಸ್ತಾಗಿದೆ ಕಣೇ," ಎಂದಳು ಮೆಲ್ಲಗೆ. "ಆ ಮನೇಲಿ ಸಾಯ್ತಿದ್ದೋರನ್ನ ನೋಡ್ಕೊಂಡೆ. ಈ ಮನೇಲಿ ಸತ್ತೋರನ್ನ ನೋಡ್ಕೋತಿದೀನಿ. ಅಜ್ಜಿ ನನ್ನ ಮುಖದಲ್ಲಿ ಅವರ ಮಗಳನ್ನ ಹುಡುಕ್ತಾರೆ, ನೀನು ಇವರ ಮುಖದಲ್ಲಿ ನಿಮ್ಮಪ್ಪನ್ನ ಹುಡುಕ್ತೀಯ. ಸಿಗದೇ ಇದ್ದಾಗ ಇಬ್ಬರೂ ನನ್ನ ಕಡೆ ತಿರುಗ್ತೀರಿ. ಬದುಕಿರೋರು ಯಾರಾದ್ರೂ ಬದುಕಿರೋರನ್ನ ನೋಡ್ತೀರೇನೋ ಅಂತ ವರ್ಷದಿಂದ ಕಾಯ್ತಿದೀನಿ... ಹೋಗು. ನಿಂಗೆ ಅಲ್ಲಿ ನಿದ್ದೆ ಬರುತ್ತೆ ಅಂದ್ರೆ ಹೋಗು. ನಾನು ತಡೆಯಲ್ಲ."

ತಡೆದಿದ್ದರೆ ಹುಡುಗಿ ಜಗಳವಾಡುತ್ತಿದ್ದಳು, ಅತ್ತು ಕರೆದು ಹಗುರಾಗುತ್ತಿದ್ದಳು. ತಡೆಯದೆ ಇದ್ದದ್ದರಿಂದ ಸುಮ್ಮನೆ ಹೋಗಿ ಬಟ್ಟೆ ಮಡಿಸತೊಡಗಿದಳು. ತಾಯಿ ಪಾತ್ರೆಯನ್ನು ಎತ್ತಿಕೊಂಡು, ಆಗಲೇ ತಿಕ್ಕಿದ್ದನ್ನೇ ಮತ್ತೆ ತಿಕ್ಕಿದಳು.

ಭಾನುವಾರ ಅಂಗಡಿಗೆ ರಜೆ. ಹುಡುಗಿ ಸ್ನಾನ ಮುಗಿಸಿ ಬಟ್ಟೆಯ ಚೀಲ ಹಿಡಿದು ಅಂಗಡಿಗೆ ಬಂದಾಗ ಹಾಸಿಗೆಯವರು ನೆಲದ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ನೀಲಿ ಗೀಟಿನ ನಾಲ್ಕು ಗವಸುಗಳು ಸುಲಿದ ಸಿಪ್ಪೆಯ ಹಾಗೆ ಬಿದ್ದಿದ್ದವು. ಅವುಗಳ ಹತ್ತಿಯನ್ನೆಲ್ಲ ಅವರು ಒಂದು ದೊಡ್ಡ ಚೀಲಕ್ಕೆ ತುಂಬುತ್ತಿದ್ದರು, ಒಂದು ಹಿಡಿಯೂ ಚೆಲ್ಲದಂತೆ. ನಡುಬಾಗಿಲಲ್ಲಿ ತಾಯಿ ನಿಂತಿದ್ದಳು.

"ಬೇರೆ ಮಾಡಕ್ಕೆ ನೋಡಿದೆ," ಎಂದರು ಹಾಸಿಗೆಯವರು ತಲೆಯೆತ್ತದೆ. "ಆಗಲಿಲ್ಲ. ಹಿಂಜಿದ ಹತ್ತೀನ ಯಾರ ಕೈಯಲ್ಲೂ ಬೇರೆ ಮಾಡಕ್ಕಾಗಲ್ಲ. ಅದಕ್ಕೆ ಎಲ್ಲಾನೂ ತಗೊಂಡು ಹೋಗು. ಯಾವುದೋ ಒಂದು ಹಿಡಿಯಲ್ಲಿ ಇರ್ತಾರೆ ಅವರು. ಬಿಟ್ಟು ಹೋಗಬಾರದು."

"ನಿಮಗೆಲ್ಲ?"

"ಅಂಗಡಿ ತುಂಬಾ ಹತ್ತಿ ಇದೆಯಲ್ಲಮ್ಮ," ಎಂದರು. ಆದರೆ ಅಂಗಡಿಯ ಹತ್ತಿ ಗಿರಾಕಿಗಳದ್ದು, ಅದರಲ್ಲಿ ಒಂದೆಳೆಯನ್ನೂ ಅವರು ಮನೆಗೆ ತೆಗೆಯುವವರಲ್ಲ. ಇದು ಹುಡುಗಿಗೂ ಗೊತ್ತಿತ್ತು.

ಉಂಡೆ ಯಂತ್ರದ ಹಿಂದೆ ನಿಂತಿದ್ದಳು. ಅವಳ ಒಂದು ಕೈ ಬೆನ್ನ ಹಿಂದೆ ಇತ್ತು. ತಂದೆ ಅವಳನ್ನು ನೋಡಿದರು. ಬೈಯಲಿಲ್ಲ, ಚೀಲದ ಬಾಯಿಯನ್ನು ಸ್ವಲ್ಪ ಅಗಲ ಮಾಡಿ ಹಿಡಿದರು. ಮಗು ಹತ್ತಿರ ಬಂದು, ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡಿದ್ದ ಒಂದು ಹಿಡಿ ಹತ್ತಿಯನ್ನು ಚೀಲದೊಳಗೆ ಹಾಕಿತು. ಹಠ ಮಾಡಲಿಲ್ಲ, ಅಳಲಿಲ್ಲ. ಆಮೇಲೆ ಖಾಲಿ ಅಂಗೈಯನ್ನು ಎಲ್ಲರಿಗೂ ತೋರಿಸಿತು. ಅಯ್ಯೋ, ಆ ಅಂಗೈ!

ಹಾಸಿಗೆಯವರು ಚೀಲದ ಬಾಯಿ ಕಟ್ಟಿ ಹೆಗಲಿಗೆ ಏರಿಸಿದರು. ಬಸ್ಸಿನವನು ಇಷ್ಟು ದೊಡ್ಡದನ್ನು ಹತ್ತಿಸಿಕೊಳ್ಳುತ್ತಾನೋ ಇಲ್ಲವೋ, ತಾನೇ ಬಂದು ಮಾತಾಡುತ್ತೇನೆ ಎಂದರು. ಆಗ ಒಳಗಿನಿಂದ ಅಜ್ಜಿ ಬಂದರು. ಬಾಗಿಲಿನ ಚೌಕಟ್ಟು ಹಿಡಿದು ನಿಂತರು.

"ನಿಲ್ಲು," ಎಂದರು ಅಜ್ಜಿ. "ಪೆಟ್ಟಿಗೆಯಿಂದ ತೆಗೆದುಕೊಟ್ಟೋಳು ನಾನು. ತಪ್ಪು ನನ್ನ ಮೇಲೆ ಬರದೇ ಇರ್ಲಿ ಅಂತ ಅವನು ತಾನೇ ತೆಗೆದೆ ಅಂದ."

ಹಾಸಿಗೆಯವರು, "ಈಗ್ಯಾಕಮ್ಮ ಅದು," ಎಂದು ಏನೋ ಹೇಳಲು ಹೋದರು. ಅಜ್ಜಿ ಕೈಯೆತ್ತಿ ತಡೆದರು.

"ಯಾರ ದಿಂಬು ಅಂತ ಗೊತ್ತಿದ್ದೇ ಕೊಟ್ಟೆ. ಇವಳು ಬಾಗಿಲು ಮರೇಲಿ ಅದನ್ನ ತಬ್ಬಿಕೊಂಡು ಕೂತಿದ್ದನ್ನ ನೋಡಿದ್ದೆ. ನನ್ನ ಮಗಳ ಮನೇಲಿ ಇನ್ನೊಬ್ಬಳ ಗಂಡನ ದಿಂಬಿಗೇನು ಕೆಲಸ, ಹೋಗ್ಲಿ ಅದು ಅನ್ನಿಸ್ತು. ಇದೂ ಒಂದು ಹಳೇದಿದೆ ನೋಡು ಅಂತ ಎತ್ತಿಕೊಟ್ಟೆ. ಕೊಟ್ಟು ತಿರುಗಿ ನೋಡ್ತೀನಿ..." ಅವರು ಉಂಡೆಯ ಕಡೆ ಕೈ ತೋರಿದರು. "ಈ ಮಗು ತನ್ನ ದಿಂಬನ್ನ ತಾನೇ ತಂದು ಕೊಡ್ತಿತ್ತು. ಅದು ನನ್ನ ಮಗಳದ್ದು. ಇದನ್ನ ಹೆತ್ತು ಅದರ ಮೇಲೇ ತಲೆ ಇಟ್ಟು ಹೋದಳು. ಆರು ವರ್ಷದಿಂದ ಮಗೂಗೆ ಅದೇ ದಿಂಬು, ನಿಮ್ಮಮ್ಮ ಅಂತ ಹೇಳೇ ಮಲಗಿಸ್ತಿದ್ದೆ. ಬೇಡ ಅಂತ ಕೂಗಬೇಕು ಅಂದ್ಕೊಂಡೆ. ಆಗಷ್ಟೇ ಇನ್ನೊಬ್ಬರದ್ದನ್ನ ಕೊಟ್ಟು ಬಂದಿದ್ನಲ್ಲ... ಕೂಗಕ್ಕೆ ಬಾಯೇ ಬರಲಿಲ್ಲ."

ಅಜ್ಜಿ ಹುಡುಗಿಯನ್ನೇ ನೋಡಿದರು. ಬಹುಶಃ ವರ್ಷದಲ್ಲಿ ಮೊದಲ ಬಾರಿಗೆ ನೇರವಾಗಿ ನೋಡಿದ್ದು.

"ಆ ಚೀಲದಲ್ಲಿ ನಿಮ್ಮಪ್ಪ ಒಬ್ಬನೇ ಇಲ್ಲ ಮಗಾ. ತಗೊಂಡು ಹೋಗಬೇಡ ಅನ್ನೋ ಹಕ್ಕು ನಂಗಿಲ್ಲ. ಗೊತ್ತಿರ್ಲಿ ಅಂತ ಹೇಳ್ದೆ."

ಹುಡುಗಿ ಹಾಸಿಗೆಯವರ ಕಡೆ ತಿರುಗಿ, ನಿಮಗೆ ಗೊತ್ತಿತ್ತಾ ಎಂದು ಕೇಳಿದಳು. ಅವರು ಚೀಲವನ್ನು ಹೆಗಲಿನಿಂದ ಇಳಿಸಿದರು.

"ಅವಳ ದಿಂಬು ಅಂತ ಗೊತ್ತಿತ್ತು," ಎಂದರು. "ಆರು ವರ್ಷ ಅದನ್ನ ಬಿಚ್ಚೋ ಧೈರ್ಯ ಬಂದಿರಲಿಲ್ಲ. ಎಲ್ಲರ ತಲೆ ಕೆಳಗೂ ಒಂದಿಷ್ಟು ಇರಲಿ, ಆಗ ಅವಳು ಯಾರಿಗೂ ಹೊರಗಿನೋಳು ಆಗಲ್ಲ ಅಂದ್ಕೊಂಡೆ. ಅದು ನನ್ನ ಯೋಚನೆ. ನಿಮ್ಮನ್ನೆಲ್ಲ ಕೇಳಬೇಕಿತ್ತು. ಕೇಳಲಿಲ್ಲ."

ಹುಡುಗಿ ಚೀಲದ ಮೇಲೆಯೇ ಕುಳಿತುಬಿಟ್ಟಳು. ಅಳು ಬರಬಹುದೆಂದು ಅವಳೇ ಕಾದಳು, ಬರಲಿಲ್ಲ. ಬಂದದ್ದು ಆಯಾಸ. ಐದು ದಿನ ಪುಸ್ತಕದ ಚೀಲದ ಮೇಲೆ ತಲೆಯಿಟ್ಟ ಕತ್ತು, ಎರಡು ವರ್ಷ ಒಂದು ವಾಸನೆಯನ್ನು ಕಾಪಾಡಿದ ಮನಸ್ಸು, ಎರಡೂ ಒಟ್ಟಿಗೆ ನೊಂದವು. ಅಜ್ಜಿಯ ಮೇಲೆ ಅವಳಿಗೆ ಸಿಟ್ಟಿತ್ತು. ಅದು ಇವತ್ತು ಹೋಗುವ ಸಿಟ್ಟಲ್ಲ, ಬಹಳ ದಿನ ಇರುವಂಥದ್ದು. ಆದರೆ ಆ ಮುದುಕಿಯ ಮುಖದಲ್ಲಿ ಇದ್ದದ್ದನ್ನು ಅವಳು ಮೊದಲೇ ನೋಡಿದ್ದಳು. ಪೆಟ್ಟಿಗೆಯಲ್ಲಿ ಖಾಲಿ ಹೊದಿಕೆಯನ್ನು ಕಂಡ ದಿನ, ಕೈತೊಳೆಯಲು ಹೋದಾಗ, ಕನ್ನಡಿಯಲ್ಲಿ ಅದೇ ಮುಖ ಇತ್ತು. ಅವಳಿಗೆ ಅದು ಬೇಡವಾಗಿತ್ತು. ಸಿಟ್ಟು ಮಾಡಬೇಕಾದವರ ಮುಖದಲ್ಲಿ ನಮ್ಮದೇ ದುಃಖ ಕಾಣುವುದು ಎಂಥ ಕಷ್ಟ!

ಬೀದಿಯ ಕೊನೆಯಲ್ಲಿ ಬೆಳಗಿನ ಬಸ್ಸು ಬಂದು ನಿಂತ ಸದ್ದಾಯಿತು. ಸ್ವಲ್ಪ ಹೊತ್ತು ಗುರುಗುಟ್ಟಿ ಹೊರಟುಹೋಯಿತು.

"ಮಧ್ಯಾಹ್ನಾನೂ ಒಂದಿದೆ," ಎಂದಳು ಹುಡುಗಿ, ಯಾರನ್ನೂ ನೋಡದೆ. ಆಮೇಲೆ, "ಉಂಡೆ, ದಬ್ಬಳ ತಗೊಂಡು ಬಾ," ಎಂದಳು.

ಉಂಡೆ ಓಡಿದಳು. ಹಾಸಿಗೆ ಹೊಲಿಯುವ ಆ ಉದ್ದನೆಯ ದಪ್ಪ ಸೂಜಿಯನ್ನು ಮುಟ್ಟಲು ಅವಳಿಗೆ ಅಪ್ಪಣೆಯಿರಲಿಲ್ಲ. ಅವತ್ತು ಯಾರೂ ಅದನ್ನು ನೆನಪಿಸಲಿಲ್ಲ. ಹುಡುಗಿ ಚೀಲ ಬಿಚ್ಚಿ ಮೊದಲ ಗವಸನ್ನು ತೊಡೆಯ ಮೇಲೆ ಇಟ್ಟುಕೊಂಡಳು. ವರ್ಷವಿಡೀ ಈ ಕೆಲಸದ ಪಕ್ಕದಲ್ಲೇ ಓಡಾಡಿದ್ದರೂ ಒಮ್ಮೆಯೂ ಕೈಹಾಕಿರಲಿಲ್ಲ. ನಡುವೆ ತುಂಬಿದಳು, ಮೂಲೆಗಳು ಖಾಲಿ ಉಳಿದವು. ಹಾಸಿಗೆಯವರು ಮುಟ್ಟಲಿಲ್ಲ, ದೂರದಿಂದಲೇ, ಮೊದಲು ಮೂಲೆ, ಆಮೇಲೆ ಹೊಟ್ಟೆ ಎಂದರು. ತೆಗೆದು ಮತ್ತೆ ತುಂಬಿದಳು, ಬಾಯಿ ಹೊಲಿದಳು. ಉಂಡೆಯದು ಆಯಿತು, ತಾಯಿಯದು ಆಯಿತು. ಅಜ್ಜಿಯದನ್ನು ಕೈಗೆತ್ತಿಕೊಂಡಾಗ ಅಜ್ಜಿ ಬಾಗಿಲಲ್ಲೇ ಇದ್ದರು. ಹುಡುಗಿ ಅವರೊಂದಿಗೆ ಮಾತಾಡಲಿಲ್ಲ. ಆದರೆ ಬೇರೆಯವರಿಗೆ ತುಂಬಿದಷ್ಟೇ ತುಂಬಿದಳು, ಒಂದೆಳೆ ಕಡಿಮೆ ಮಾಡಲಿಲ್ಲ. ಅಜ್ಜಿ ದಿಂಬನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಅಳು ಕೇಳಿಸಿತು. ಆಗ ಎದ್ದುಹೋದವಳು ಹುಡುಗಿಯ ತಾಯಿ. ಅಜ್ಜಿಯ ಪಕ್ಕದಲ್ಲಿ ಒಂದು ಲೋಟ ನೀರು ಇಟ್ಟು ಕುಳಿತಳು. ಅಜ್ಜಿ ಲೋಟವನ್ನು ತೊಳೆಯದೆ ಕುಡಿದರು.

ತನ್ನ ದಿಂಬನ್ನು ತುಂಬಿ ಮುಗಿಸಿದಾಗ ಚೀಲ ಖಾಲಿಯಾಗಿತ್ತು. ಹುಡುಗಿ ಸುಮ್ಮನೆ ಎಣಿಸಿ ನೋಡಿದಳು. ತಾಯಿ, ಅಜ್ಜಿ, ಉಂಡೆ, ತಾನು. ಊರಿಗೆಲ್ಲ ದಿಂಬು ಹೊಲಿಯುವ ಮನುಷ್ಯನಿಗೆ ದಿಂಬಿಲ್ಲ. ವರ್ಷದಿಂದ ಅವರು ತೋಳನ್ನೇ ತಲೆಗಿಟ್ಟುಕೊಂಡು ಮಲಗುವುದನ್ನು ಅವಳು ನೋಡಿದ್ದಳು, ಅದು ಅವರ ಅಭ್ಯಾಸವೆಂದುಕೊಂಡಿದ್ದಳು. ತಾಯಿಯನ್ನು ಕೇಳಿದಳು. ದಿನವಿಡೀ ಹತ್ತಿಯಲ್ಲೇ ಬಿದ್ದಿರೋನಿಗೆ ದಿಂಬ್ಯಾಕೆ ಅಂತ ನಗಾಡ್ತಾರೆ ಎಂದಳು ತಾಯಿ. ತಮ್ಮ ದಿಂಬಿನ ಹತ್ತಿಯನ್ನು ಮೊದಲ ಹೆಂಡತಿಯ ಬಾಣಂತಿ ಹಾಸಿಗೆಗೆ ಸೇರಿಸಿದವರು, ಮತ್ತೆ ತಮಗೆಂದು ಹೊಲಿದುಕೊಂಡಿಲ್ಲ.

ಊಟವಾದ ಮೇಲೆ ಹಾಸಿಗೆಯವರು ಅಂಗಡಿಯಲ್ಲಿ ಬಟ್ಟೆಯ ತುಂಡುಗಳ ಮೇಲೆ ಮಲಗಿ ನಿದ್ದೆಹೋದರು. ಹುಡುಗಿ ಕೋಣೆಗೆ ಹೋಗಿ ಮಂಚದ ಕೆಳಗಿನ ಪೆಟ್ಟಿಗೆ ತೆಗೆದಳು. ಅಪ್ಪನ ದಿಂಬನ್ನು ಸುತ್ತಿಟ್ಟಿದ್ದ ಬಿಳಿಯ ಹೊದಿಕೆಯನ್ನು ಹೊರಗೆ ತೆಗೆದು ಮೂಗಿಗೆ ಹಿಡಿದಳು. ಇತ್ತೋ, ಇಲ್ಲವೋ... ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ ಎನ್ನುವಷ್ಟು ಮಾತ್ರ. ಬಹಳ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದಳು. ಆಮೇಲೆ ಅದನ್ನು ನೆಲದ ಮೇಲೆ ಹರಡಿ ಕತ್ತರಿಯಿಂದ ಅಳತೆಗೆ ಕತ್ತರಿಸಿದಳು. ತಾಯಿ ಹೊಲಿಗೆಯಂತ್ರದಲ್ಲಿ ಹೊಲಿದುಕೊಡಲೇ ಎಂದಳು. ಬೇಡ ಎಂದು ತಲೆಯಾಡಿಸಿ, ಕಿಟಕಿ ಪಕ್ಕದ ದಿಂಬಿನ ಹೊಲಿಗೆ ಬಿಚ್ಚಿ, ಅದರಲ್ಲಿ ಅರ್ಧ ಹತ್ತಿಯನ್ನು ತೆಗೆದು ಬಿಳಿಯ ಗವಸಿಗೆ ತುಂಬಿದಳು. ಮೊದಲು ಮೂಲೆ, ಆಮೇಲೆ ಹೊಟ್ಟೆ. ಕೈಯಲ್ಲೇ ಹೊಲಿದಳು. ಹೊಲಿಗೆ ಆ ಕಡೆಯಿಂದ ಹೊರಟು ಈ ಕಡೆ ಸೇರುವಷ್ಟರಲ್ಲಿ ದಾರಿ ತಪ್ಪಿದ ಇರುವೆಯಂತೆ ಎಲ್ಲೆಲ್ಲೋ ಹೋಗಿಬಂದಿತ್ತು. ಪಕ್ಕದಲ್ಲಿ ಕುಳಿತ ಉಂಡೆ, ಅಪ್ಪ ಇದನ್ನ ಬಿಚ್ಚಿಬಿಡ್ತಾರೆ ನೋಡು ಎಂದು ಭವಿಷ್ಯ ಹೇಳಿದಳು.

ಹುಡುಗಿ ಅಂಗಡಿಗೆ ಹೋಗಿ ಅವರ ತಲೆಯ ಬಳಿ ದಿಂಬನ್ನಿಟ್ಟಳು. ಸದ್ದಿಗೆ ಅವರು ಕಣ್ಣುಬಿಟ್ಟರು. ಬಿಳಿಯ ಬಟ್ಟೆಯನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. ಅದನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಗೆ ಹಾಕಿದವರು ಅವರೇ ಅಲ್ಲವೇ.

"ಇದು..." ಎಂದು ಎದ್ದು ಕುಳಿತರು.

"ಕೈ ಮೇಲೆ ಮಲಗಿದ್ರೆ ಕೈ ನೋಯುತ್ತೆ," ಎಂದಳು ಹುಡುಗಿ. ಯಂತ್ರಕ್ಕೆ ಹೇಳಲಿಲ್ಲ, ಅವರಿಗೇ ಹೇಳಿದಳು.

ಹಾಸಿಗೆಯವರು ದಿಂಬನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಎಳೆದರು. ಹೆಬ್ಬೆರಳು ಎರಡು ಕಡೆ ನಿಂತಿತು. ಅಭ್ಯಾಸಬಲದಿಂದ ಬಲಗೈ ಪಕ್ಕದಲ್ಲಿದ್ದ ಕತ್ತರಿಯ ಕಡೆಗೆ ಹೋಯಿತು. ಬಾಗಿಲಲ್ಲಿ ಉಂಡೆ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಕೈ ಕತ್ತರಿಯನ್ನು ಎತ್ತಿಕೊಂಡಿತು, ಒಂದು ಗಳಿಗೆ ಹಿಡಿದುಕೊಂಡಿತು, ಮತ್ತೆ ದೂರದಲ್ಲಿ ಇಟ್ಟಿತು. ಅವರು ದಿಂಬನ್ನು ನೆಲಕ್ಕಿಟ್ಟು, ಸೊಟ್ಟ ಹೊಲಿಗೆ ಕೆನ್ನೆಗೆ ತಾಗುವ ಹಾಗೆ ತಲೆಯಿಟ್ಟು ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಬಿಳಿಯ ಬಟ್ಟೆಯಲ್ಲಿ ಇಂಗಿತು.

ಹುಡುಗಿ ಒಳಗೆ ಬಂದು ಕಿಟಕಿ ಪಕ್ಕದಲ್ಲಿ ಮಲಗಿದಳು. ಅರ್ಧವಾಗಿದ್ದ ದಿಂಬು ತೆಳ್ಳಗಿತ್ತು, ನಡುವೆ ಗುಳಿಬಿದ್ದು ತಲೆ ಅದರಲ್ಲಿ ಸರಿಯಾಗಿ ಕೂತಿತು. ಅಪ್ಪನ ವಾಸನೆ ಇರಲಿಲ್ಲ. ಇನ್ನು ಬರುವುದೂ ಇಲ್ಲ ಎಂದು ಅವಳಿಗೆ ಅರ್ಥವಾಗಿತ್ತು. ಉಂಡೆ ತನ್ನ ದಿಂಬನ್ನು ಎಳೆದುಕೊಂಡು ಬಂದು ಪಕ್ಕದಲ್ಲಿ ಬಿದ್ದುಕೊಂಡಳು. ಮಧ್ಯಾಹ್ನದ ಬಸ್ಸು ಬೀದಿಯ ಕೊನೆಯಲ್ಲಿ ಹಾರ್ನು ಹೊಡೆದು ಹೊರಟಿತು. ಅತ್ತೆಗೆ ಫೋನು ಮಾಡಿ ಹೇಳಬೇಕಿತ್ತು. ಎದ್ದ ಮೇಲೆ ಮಾಡಿದರಾಯಿತು ಎಂದುಕೊಳ್ಳುತ್ತಿರುವಾಗಲೇ ಅವಳಿಗೆ ನಿದ್ದೆ ಬಂತು.